ಸಹಿ ಹಾಕುವ ಮುನ್ನ ಮನೆಗೊಂದು ಫೋನ್

ಕಳೆದ ತಿಂಗಳ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಎದ್ದಿದ್ದೆನಷ್ಟೆ, ಪಕ್ಕದ ಮನೆಯ ಸಹೋದರಿ ಮೊಬೈಲ್ ಹಿಡಿದುಕೊಂಡು ಬಂದರು. ಅವರ ಪತಿ ಸೌದಿಯ ದಮ್ಮಾಮಿನಲ್ಲಿ ಒಂದು ಕಂಪೆನಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್. ಎಂಟು ವರ್ಷದ ದುಡಿಮೆ. ಕಂಪೆನಿಯವರು ಜನ ಕಡಿಮೆ ಮಾಡುತ್ತಿದ್ದಾರಂತೆ. "ನಾಳೆ ಆಫೀಸಿಗೆ ಬಂದು ಈ ಕಾಗದಕ್ಕೆ ಸಹಿ ಹಾಕು, ಲೆಕ್ಕ ಚುಕ್ತಾ ಮಾಡಿ ಎಕ್ಸಿಟ್ ಹೊಡೆಯುತ್ತೇವೆ" ಎಂದು ಹೇಳಿದ್ದಾರೆ. ಆ ಕಾಗದದ ಫೋಟೋವನ್ನು ಅವರು ಹೆಂಡತಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರು.

"ಆಪಾ, ಇದರಲ್ಲಿ ಏನು ಬರೆದಿದೆ ಸ್ವಲ್ಪ ನೋಡಿ. ಅಕ್ಷರ ಓದಲು ನನಗೆ ಬರುತ್ತದೆ, ಅರ್ಥ ಮಾತ್ರ ಗೊತ್ತಾಗುವುದಿಲ್ಲ. ಇವರಿಗಂತೂ ಅಷ್ಟೂ ಸಮಾಧಾನವಿಲ್ಲ, ಹೇಗಾದರೂ ಸಹಿ ಹಾಕಿ ಮನೆಗೆ ಬಂದುಬಿಡುತ್ತೇನೆ ಎನ್ನುತ್ತಿದ್ದಾರೆ."

ನೋಡಿದೆ. ಕಾಗದದ ಮೇಲ್ಗಡೆ, ನಟ್ಟನಡುವೆ, ದಪ್ಪಕ್ಷರದಲ್ಲಿ ಒಂದೇ ಪದ ಇತ್ತು: ಇಸ್ತಿಖಾಲ. ಅಂದರೆ ರಾಜೀನಾಮೆ.

ಕೆಲಸದಿಂದ ತೆಗೆಯುತ್ತಿರುವುದು ಕಂಪೆನಿ. ಕಾಗದ ಹೇಳುತ್ತಿರುವುದು ಮಾತ್ರ, ಇವರೇ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದಾರೆ ಎಂದು. ಒಂದು ಪದದ ವ್ಯತ್ಯಾಸ. ಆ ಒಂದು ಪದಕ್ಕೆ ಎಷ್ಟು ಬೆಲೆಯೆಂದು ಅಂದು ರಾತ್ರಿ ನಾವಿಬ್ಬರೂ ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಸಹೋದರಿಯರೇ, ಗಲ್ಫ್‌ನಲ್ಲಿ ಪತಿಯೋ ಮಗನೋ ಅಣ್ಣನೋ ಇರುವ ಪ್ರತಿಯೊಂದು ಮನೆಯವರೂ ಈ ಲೆಕ್ಕ ತಿಳಿದಿರಬೇಕೆಂಬ ಕಾರಣಕ್ಕೆ ಅದನ್ನು ಈ ಬಾರಿ ಇಲ್ಲಿ ಬರೆಯುತ್ತಿದ್ದೇನೆ.

ಸೌದಿಯ ಕಾರ್ಮಿಕ ಕಾನೂನು 2005ರದ್ದು. ಆಮೇಲೆ ಹಲವು ಸಲ ತಿದ್ದುಪಡಿಯಾಗಿದೆ, 2025ರ ಫೆಬ್ರವರಿಯಲ್ಲಿ ದೊಡ್ಡ ತಿದ್ದುಪಡಿಯೊಂದು ಜಾರಿಗೆ ಬಂತು. ಕೆಲಸ ಮುಗಿದಾಗ ಕೊಡಬೇಕಾದ ಹಣಕ್ಕೆ ನಮ್ಮವರು ಸರ್ವಿಸ್ ಹಣ ಎನ್ನುತ್ತಾರೆ. ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆರನೆಯ ವರ್ಷದಿಂದ ವರ್ಷಕ್ಕೆ ಒಂದು ಪೂರ್ತಿ ತಿಂಗಳ ಸಂಬಳ. ಲೆಕ್ಕ ಹಾಕುವುದು ಕೊನೆಯ ಸಂಬಳದ ಮೇಲೆ, ಬರೀ ಬೇಸಿಕ್ ಮೇಲಲ್ಲ. ಮನೆ ಬಾಡಿಗೆ ಭತ್ಯೆ ಮೊದಲಾದವೂ ಸೇರುತ್ತವೆ.

ಪಕ್ಕದ ಮನೆಯವರ ಸಂಬಳ ಭತ್ಯೆಗಳೂ ಸೇರಿ 2,400 ರಿಯಾಲ್. ಮೊದಲ ಐದು ವರ್ಷಕ್ಕೆ 1,200ರಂತೆ 6,000. ಉಳಿದ ಮೂರು ವರ್ಷಕ್ಕೆ 2,400ರಂತೆ 7,200. ಒಟ್ಟು 13,200 ರಿಯಾಲ್. ಇದು ಕಂಪೆನಿ ತಾನಾಗಿ ಕೆಲಸ ಮುಗಿಸಿದರೆ.

ಕೆಲಸಗಾರ ತಾನಾಗಿ ರಾಜೀನಾಮೆ ಕೊಟ್ಟರೆ? ಎರಡು ವರ್ಷ ತುಂಬದಿದ್ದರೆ ಏನೂ ಇಲ್ಲ. ಎರಡರಿಂದ ಐದು ವರ್ಷದವರೆಗೆ ಮೂರನೆಯ ಒಂದು ಪಾಲು. ಐದು ದಾಟಿ ಹತ್ತರೊಳಗಿದ್ದರೆ ಮೂರನೆಯ ಎರಡು ಪಾಲು. ಹತ್ತು ವರ್ಷ ತುಂಬಿದ್ದರೆ ಮಾತ್ರ ಪೂರ್ತಿ. ಹಾಗಾಗಿ ಆ ಕಾಗದಕ್ಕೆ ಸಹಿ ಬಿದ್ದಿದ್ದರೆ 13,200 ಇದ್ದದ್ದು 8,800ಕ್ಕೆ ಇಳಿಯುತ್ತಿತ್ತು.

ಅಷ್ಟಕ್ಕೇ ಮುಗಿಯುವುದಿಲ್ಲ. ಸೌದಿಯಲ್ಲಿ ಪರದೇಶದವರ ಕರಾರು ಯಾವಾಗಲೂ ಅವಧಿ ಕರಾರು. ಅದು ಲಿಖಿತವಾಗಿರಬೇಕು, ಅವಧಿ ಬರೆದಿರದಿದ್ದರೆ ಒಂದು ವರ್ಷದ್ದೆಂದು ಕಾನೂನೇ ಎಣಿಸುತ್ತದೆ. ಅವಧಿ ಮುಗಿಯುವ ಮುಂಚೆ ನ್ಯಾಯವಾದ ಕಾರಣವಿಲ್ಲದೆ ಒಬ್ಬರು ಕರಾರು ಮುರಿದರೆ, ಇನ್ನೊಬ್ಬರಿಗೆ ಉಳಿದ ಅವಧಿಯ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ಅದು ಎರಡು ತಿಂಗಳ ಸಂಬಳಕ್ಕಿಂತ ಕಡಿಮೆ ಇರಕೂಡದು. ಕರಾರಿನಲ್ಲೇ ಪರಿಹಾರದ ಮೊತ್ತ ಬೇರೆ ಬರೆದಿದ್ದರೆ ಆ ಮೊತ್ತ. ನಮ್ಮ ಸಹೋದರಿಯ ಪತಿಯ ಕರಾರಿನಲ್ಲಿ ಹಾಗೇನೂ ಬರೆದಿರಲಿಲ್ಲ, ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಕಂಪೆನಿ ಮುರಿದರೆ ಅವರಿಗೆ 12,000 ರಿಯಾಲ್ ಕೇಳುವ ಹಕ್ಕು. ಅದೇ ಅವರು ರಾಜೀನಾಮೆಗೆ ಸಹಿ ಹಾಕಿದರೆ ಆ ಹಕ್ಕು ಇರುವುದಿಲ್ಲ.

ಆ ಸಹೋದರಿ ಪೆನ್ನನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟರು. ಒಂದು ಕಡೆ 25,200, ಇನ್ನೊಂದು ಕಡೆ 8,800. ಮಗಳ ಮದುವೆಗೆಂದು ಅವರು ಎತ್ತಿಡುತ್ತಿರುವ ಹಣ ಇದೇ ತಾನೇ.

ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮದ್ರಸದಲ್ಲಿ ಅರಬಿ ಅಕ್ಷರ ಕಲಿತವರು. ಭಾಷೆ ಬಾರದಿದ್ದರೂ ಅಕ್ಷರ ಕೂಡಿಸಿ ಓದಬಲ್ಲರು. ಗಲ್ಫ್‌ನ ಆಫೀಸುಗಳಲ್ಲಿ ಕಾಗದ ಎರಡು ಭಾಷೆಯಲ್ಲಿ ಇರುತ್ತದೆ. ಎರಡಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಸೌದಿಯಲ್ಲೂ ಎಮಿರೇಟ್ಸ್‌ನಲ್ಲೂ ನಿಲ್ಲುವುದು ಅರಬಿಯೇ. ಆದ್ದರಿಂದ ಮೂರು ಪದಗಳನ್ನು ಗುರುತಿಟ್ಟುಕೊಳ್ಳಿ. ಅಲಿಫ್, ಸೀನ್, ತಾ, ಎರಡು ಚುಕ್ಕೆಯ ಖಾಫ್, ಅಲಿಫ್, ಲಾಮ್, ಕೊನೆಗೆ ಗುಂಡಗಿನ ತಾ ಬಂದರೆ ಅದು ಇಸ್ತಿಖಾಲ, ರಾಜೀನಾಮೆ. ಅಲಿಫ್, ನೂನ್, ಹಾ, ಅಲಿಫ್, ಹಂಝ ಬಂದರೆ ಇನ್ಹಾ, ಅಂದರೆ ಕೊನೆಗೊಳಿಸುವುದು. ಕರಾರನ್ನು ಕಂಪೆನಿ ಮುಗಿಸುವಾಗ ಸಾಮಾನ್ಯವಾಗಿ ಈ ಪದ ಇರುತ್ತದೆ. ಇನ್ನೊಂದು, ಮೀಮ್, ಒಂದು ಚುಕ್ಕೆಯ ಖಾ, ಅಲಿಫ್, ಲಾಮ್, ಸ್ವಾದ್, ಗುಂಡಗಿನ ತಾ. ಇದು ಮುಖಾಲಸ. "ನನಗೆ ಬರಬೇಕಾದ ಎಲ್ಲವೂ ಬಂದಿದೆ, ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಒಪ್ಪಿಗೆ ಪತ್ರ.

ಈ ಮುಖಾಲಸವೇ ದೊಡ್ಡ ತಂಟೆ. ಹಣ ಕೈಗೆ ಬರುವ ಮೊದಲೇ "ಇದು ಬರೀ ಫಾರ್ಮಾಲಿಟಿ" ಎಂದು ಸಹಿ ತೆಗೆದುಕೊಳ್ಳುವುದುಂಟು. ಕರಾರು ಚಾಲ್ತಿಯಲ್ಲಿರುವಾಗಲೇ ಕೆಲಸಗಾರ ತನ್ನ ಹಕ್ಕನ್ನು ಬಿಟ್ಟುಕೊಟ್ಟಂತೆ ಬರೆಸಿಕೊಂಡ ಪತ್ರ, ಅದು ಅವನಿಗೇ ಹೆಚ್ಚು ಅನುಕೂಲವಾಗಿದ್ದರೆ ಹೊರತು, ಅನೂರ್ಜಿತ ಎಂದು ಸೌದಿ ಕಾನೂನಿನ ಎಂಟನೆಯ ವಿಧಿ ಹೇಳುತ್ತದೆ ನಿಜ. ಆದರೆ ಕರಾರು ಮುಗಿದ ನಂತರ ಹಾಕಿದ ಸಹಿಗೆ ಆ ರಕ್ಷಣೆ ಇಲ್ಲ. ಹಣ ಬ್ಯಾಂಕಿಗೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ. ಅದಕ್ಕೆ ಮೊದಲು ಕಾಗದದ ಫೋಟೋ ಮನೆಗೆ ಬರಲಿ. ಸಹಿ ಹಾಕುವಾಗ ಕೆಳಗೆ ಕೈಬರಹದಲ್ಲಿ ತಾರೀಕು, ಪಡೆದ ಮೊತ್ತ ಬರೆಯಲಿ. ತಾರೀಕಿನ ಜಾಗ ಖಾಲಿ ಬಿಡಬಾರದು.

ಇಲ್ಲಿ ಒಂದು ಮಾತು. ಕಂಪೆನಿಗಳೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಪೈಸೆ ಪೈಸೆ ಲೆಕ್ಕ ಹಾಕಿ ಕೊಟ್ಟು, ವಿಮಾನ ನಿಲ್ದಾಣಕ್ಕೆ ಕಾರು ಕಳಿಸಿಕೊಟ್ಟವರನ್ನೂ ಬಲ್ಲೆ. ಎಷ್ಟೋ ಸಲ ಆ ಕಾಗದ ತಯಾರಿಸುವವನು ನಮ್ಮವನೇ ಆದ ಒಬ್ಬ ಗುಮಾಸ್ತ. ಹಳೆಯ ನಮೂನೆಯನ್ನೇ ಎಲ್ಲರಿಗೂ ಮುದ್ರಿಸಿ ಕೊಡುತ್ತಾನೆ, ಮೇಲೆ ಏನು ಬರೆದಿದೆ ಎಂದು ಅವನೂ ನೋಡಿರುವುದಿಲ್ಲ. ಕಾರಣ ಯಾವುದಾದರೂ ನಷ್ಟ ಮಾತ್ರ ನಮ್ಮ ಮನೆಯದು.

ಕರಾರಿನ ಅವಧಿ ಮುಗಿದು, ಮುಂದುವರಿಸಲು ಇಷ್ಟವಿಲ್ಲವೆಂದು ತಿಳಿಸಿ ಬರುವುದು ರಾಜೀನಾಮೆ ಆಗುವುದಿಲ್ಲ, ಆಗ ಸರ್ವಿಸ್ ಹಣ ಪೂರ್ತಿ ಸಿಗಬೇಕು. ಊರಿಗೆ ಬಂದು ನೆಲೆಸುವ ಯೋಚನೆ ಇದ್ದವರು ಎರಡು ಮೂರು ತಿಂಗಳು ತಾಳಿ ಅವಧಿ ಮುಗಿಸಿಯೇ ಬರುವುದು ಲಾಭ. ಸಂಬಳ ತಿಂಗಳುಗಟ್ಟಲೆ ಬಾರದೆ, ಇಲ್ಲವೇ ಕರಾರಿನಲ್ಲಿಲ್ಲದ ಬೇರೆಯೇ ಕೆಲಸ ಮಾಡಿಸಿದ್ದರಿಂದ ಬಿಡಬೇಕಾಗಿ ಬಂದರೂ ಹಾಗೆಯೇ. ಕಾನೂನಿನ 81ನೆಯ ವಿಧಿಯಂತೆ ನೋಟೀಸು ಇಲ್ಲದೆಯೇ ಬಿಡಬಹುದು, ಹಕ್ಕು ಪೂರ್ತಿ ಉಳಿಯುತ್ತದೆ. ಆದರೆ ಪತ್ರದಲ್ಲಿ ನಿಜವಾದ ಕಾರಣವನ್ನೇ ಬರೆಯಬೇಕು. ಸಂಕೋಚದಿಂದಲೋ ಸೌಜನ್ಯದಿಂದಲೋ "ಕೌಟುಂಬಿಕ ಕಾರಣದಿಂದ" ಎಂದು ಬರೆದರೆ ಅಲ್ಲಿಗೆ ಮುಗಿಯಿತು.

ಇನ್ನು ನಾವು ಹೆಂಗಸರೇ ತಂದುಕೊಳ್ಳುವ ಒಂದು ಅಪಾಯವಿದೆ. ಬೇಸರ ಮಾಡಿಕೊಳ್ಳಬೇಡಿ. ಎರಡು ತಿಂಗಳ ರಜೆಯಲ್ಲಿ ಮಗ ಊರಿಗೆ ಬಂದಿರುತ್ತಾನೆ. ಹೊರಡುವ ದಿನ ಹತ್ತಿರವಾಗುತ್ತಿದ್ದಂತೆ ಅಮ್ಮಿಯ ಕಣ್ಣು ತೇವವಾಗುತ್ತದೆ. "ತಂಗಿಯ ಮದುವೆಗೆ ಇನ್ನು ಇಪ್ಪತ್ತೇ ದಿನ, ಮುಗಿಸಿಕೊಂಡೇ ಹೋಗು ಮಗಾ" ಎನ್ನುತ್ತಾರೆ. ಹೆಂಡತಿಯೂ ದನಿಗೂಡಿಸುತ್ತಾಳೆ. ಅವನೂ ಮನುಷ್ಯ, ಟಿಕೆಟ್ ಮುಂದಕ್ಕೆ ಹಾಕುತ್ತಾನೆ. ಸೌದಿ ಕಾನೂನಿನ 80ನೆಯ ವಿಧಿಯಲ್ಲಿ ಒಂದು ರಿಯಾಲ್ ಸರ್ವಿಸ್ ಹಣವನ್ನೂ ಕೊಡದೆ, ನೋಟೀಸನ್ನೂ ಕೊಡದೆ ಕೆಲಸದಿಂದ ತೆಗೆಯಬಹುದಾದ ಕಾರಣಗಳ ಪಟ್ಟಿ ಇದೆ. ಹೊಡೆದಾಟ, ನಕಲಿ ದಾಖಲೆ, ಬೇಕೆಂದೇ ನಷ್ಟ ಮಾಡುವುದು, ಕಂಪೆನಿಯ ಗುಟ್ಟು ಹೊರಹಾಕುವುದು ಇತ್ಯಾದಿ. ಅದೇ ಸಾಲಿನಲ್ಲಿ ಇದೂ ಇದೆ: ನ್ಯಾಯವಾದ ಕಾರಣವಿಲ್ಲದೆ ವರ್ಷದಲ್ಲಿ ಒಟ್ಟು 30 ದಿನಕ್ಕಿಂತ ಹೆಚ್ಚು, ಇಲ್ಲವೇ ಒಂದೇ ಸಮನೆ 15 ದಿನಕ್ಕಿಂತ ಹೆಚ್ಚು ಗೈರುಹಾಜರಿ. ಸತತ ಗೈರಾದರೆ ಹತ್ತು ದಿನವಾದ ಮೇಲೆ ಕಂಪೆನಿ ಲಿಖಿತ ಎಚ್ಚರಿಕೆ ಕೊಡಬೇಕು. ಆ ಎಚ್ಚರಿಕೆ ಹೋಗುವುದು ಅಲ್ಲಿನ ಅವನ ಮೊಬೈಲ್ ನಂಬರಿಗೋ ಇಮೇಲ್‌ಗೋ. ಇಲ್ಲಿ ಮದುವೆ ಮನೆಯ ಗಡಿಬಿಡಿಯಲ್ಲಿ ಅದನ್ನು ಯಾರು ನೋಡುತ್ತಾರೆ?

ರಜೆ ವಿಸ್ತರಿಸಬೇಕಾದರೆ ಬರಹದಲ್ಲಿ ಕೇಳಬೇಕು, ಒಪ್ಪಿಗೆ ಬರಹದಲ್ಲಿ ಬರಬೇಕು. "ಮ್ಯಾನೇಜರ್ ಫೋನ್‌ನಲ್ಲಿ ಸರಿ ಎಂದಿದ್ದಾರೆ" ಎಂಬುದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಾಯಿಲೆಯಾದರೆ ವೈದ್ಯರ ಸರ್ಟಿಫಿಕೇಟನ್ನು ಅಂದೇ ಕಳಿಸಿ, ಹುಷಾರಾದ ಮೇಲೆ ಅಲ್ಲ.

ಓದುಗರಲ್ಲಿ ನರ್ಸ್, ಟೀಚರ್ ಆಗಿ ಸ್ವತಃ ಅಲ್ಲಿ ದುಡಿಯುವವರೂ, ಅಂಥ ಮಗಳನ್ನು ಕಳಿಸಿದ ತಾಯಂದಿರೂ ಇದ್ದಾರೆ. ಅವರಿಗಾಗಿ 87ನೆಯ ವಿಧಿಯಲ್ಲಿ ಒಂದು ಅಪರೂಪದ ಅನುಕೂಲವಿದೆ. ಮದುವೆಯಾದ ದಿನದಿಂದ ಆರು ತಿಂಗಳೊಳಗೆ, ಅಥವಾ ಹೆರಿಗೆಯಾದ ದಿನದಿಂದ ಮೂರು ತಿಂಗಳೊಳಗೆ ಮಹಿಳೆ ತಾನಾಗಿ ಕರಾರು ಮುಗಿಸಿದರೂ ಅವಳಿಗೆ ಸರ್ವಿಸ್ ಹಣ ಪೂರ್ತಿ ಸಿಗಬೇಕು. ಮೂರನೆಯ ಒಂದು, ಮೂರನೆಯ ಎರಡು ಎಂಬ ಕಡಿತ ಅವಳಿಗಿಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ದುಡಿದಳು. ಮದುವೆಯಾಗಿ ಏಳನೆಯ ತಿಂಗಳಿನಲ್ಲಿ ರಾಜೀನಾಮೆ ಕೊಟ್ಟಳು. ಅತ್ತೆಮನೆಯವರು "ರಂಝಾನ್ ಕಳೆದ ಮೇಲೆ ಬಿಟ್ಟರಾಯಿತು" ಎಂದಿದ್ದರಂತೆ. ಒಂದು ತಿಂಗಳ ತಡದಿಂದ ಮೂರರಲ್ಲಿ ಎರಡು ಪಾಲು ಹೋಯಿತು. ಯಾರಿಗೂ ತಿಳಿದಿರಲಿಲ್ಲ, ತಿಳಿದಿದ್ದರೆ ಆ ಅತ್ತೆಯೇ ಮೊದಲು ಪತ್ರ ಬರೆಸುತ್ತಿದ್ದರು.

ಗರ್ಭಿಣಿಯಾಗಿರುವಾಗ, ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. 2025ರ ತಿದ್ದುಪಡಿಯ ನಂತರ ಹೆರಿಗೆ ರಜೆ 12 ವಾರ.

ದುಬೈ, ಅಬುಧಾಬಿ, ಶಾರ್ಜಾ ಕಡೆ ಇರುವವರಿಗೆ ಕಾನೂನು ಬೇರೆ. ಅಲ್ಲಿ 1980ರ ಹಳೆಯ ಕಾನೂನು ಹೋಗಿ, 2021ರಲ್ಲಿ ಮಾಡಿದ ಹೊಸ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಹಳೆಯದರಲ್ಲಿ ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಕಡಿತವಾಗುತ್ತಿತ್ತು. ಈಗ ಆ ಕಡಿತ ಇಲ್ಲ, ಒಂದು ವರ್ಷ ತುಂಬಿಸಿದರೆ ಸಾಕು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಆದರೆ ಅಲ್ಲಿ ಲೆಕ್ಕ ಬೇಸಿಕ್ ಮೇಲೆ ಮಾತ್ರ! ಒಟ್ಟು ಸಂಬಳ 2,500 ದಿರ್ಹಮ್, ಬೇಸಿಕ್ 1,200 ಎಂದಿಟ್ಟುಕೊಳ್ಳಿ. ಆರು ವರ್ಷಕ್ಕೆ 135 ದಿನ, ದಿನಕ್ಕೆ 40ರಂತೆ 5,400 ದಿರ್ಹಮ್ ಅಷ್ಟೆ. ಬೇಸಿಕ್ 2,000 ಇದ್ದಿದ್ದರೆ ಅದೇ ಸಂಬಳಕ್ಕೆ 9,000. ಆದ್ದರಿಂದ ದುಬೈಗೆ ಹೊರಟವನ ಆಫರ್ ಲೆಟರ್ ಬಂದಾಗ ಒಟ್ಟು ಸಂಬಳ ನೋಡಿ ಲಡ್ಡು ಹಂಚುವ ಮೊದಲು ಬೇಸಿಕ್ ಎಷ್ಟು ಎಂದು ಕೇಳಿ.

ಎಮಿರೇಟ್ಸ್‌ನಲ್ಲಿ ನೋಟೀಸಿನ ಅವಧಿ ಕರಾರಿನಲ್ಲಿದ್ದಂತೆ 30ರಿಂದ 90 ದಿನ. ಎಲ್ಲ ಬಾಕಿಯನ್ನೂ ಕರಾರು ಮುಗಿದ 14 ದಿನದೊಳಗೆ ಕೊಡಬೇಕು. ಸೌದಿಯಲ್ಲಾದರೆ ಕಂಪೆನಿ ಮುಗಿಸಿದಾಗ ಒಂದು ವಾರ, ಕೆಲಸಗಾರ ಮುಗಿಸಿದಾಗ ಎರಡು ವಾರ. ಎಮಿರೇಟ್ಸ್‌ನಲ್ಲಿ 2023ರ ಜನವರಿಯಿಂದ ಕೆಲಸ ಹೋದರೆ ನೆರವಾಗುವ ಒಂದು ವಿಮೆಯೂ ಕಡ್ಡಾಯವಾಗಿದೆ. ಬೇಸಿಕ್ 16,000 ದಿರ್ಹಮ್‌ವರೆಗೆ ಇರುವವರಿಗೆ ತಿಂಗಳಿಗೆ ಬರೀ ಐದು ದಿರ್ಹಮ್. ಸತತ 12 ತಿಂಗಳು ಕಟ್ಟಿದ್ದರೆ, ಕಂಪೆನಿ ತೆಗೆದಾಗ ಬೇಸಿಕ್‌ನ ಶೇಕಡಾ 60ರಷ್ಟು ಮೂರು ತಿಂಗಳವರೆಗೆ ಸಿಗುತ್ತದೆ. 30 ದಿನದೊಳಗೆ ಅರ್ಜಿ ಹಾಕಬೇಕು. ರಾಜೀನಾಮೆ ಕೊಟ್ಟವರಿಗೆ ಇದು ಇಲ್ಲ. ಗ್ರಾಚ್ಯುಟಿಯಲ್ಲಿ ಕಡಿತವಿಲ್ಲವೆಂದು ಅಲ್ಲೂ ರಾಜೀನಾಮೆಗೆ ಸುಮ್ಮನೆ ಸಹಿ ಹಾಕಬೇಡಿ ಎನ್ನುವುದು ಈ ಕಾರಣಕ್ಕೆ.

ಕೋವಿಡ್ ಬಂದ 2020ರ ವರ್ಷ ನೆನಪಿಸಿಕೊಳ್ಳಿ. ವಿಮಾನ ಸಿಕ್ಕಿದರೆ ಸಾಕೆಂದು ಎಷ್ಟೋ ಮಂದಿ ಬರಿಗೈಯಲ್ಲಿ ಬಂದರು. "ಪರಿಸ್ಥಿತಿ ಸರಿಹೋಗಲಿ, ಆಮೇಲೆ ಕಳಿಸುತ್ತೇವೆ" ಎಂಬ ಮಾತನ್ನು ನಂಬಿ ಕುಳಿತರು. ಸೌದಿಯಲ್ಲಿ ಕೆಲಸದ ಸಂಬಂಧ ಮುಗಿದ ದಿನದಿಂದ 12 ತಿಂಗಳೊಳಗೆ ದೂರು ಕೊಡಬೇಕು. ಕೋರ್ಟು ಒಪ್ಪುವಂಥ ಕಾರಣ ತೋರಿಸದಿದ್ದರೆ ಆ ಮೇಲೆ ದಾರಿ ಮುಚ್ಚಿತು. ಎಮಿರೇಟ್ಸ್‌ನಲ್ಲಿ 2024ರ ಆಗಸ್ಟ್ 31ರಿಂದ ಈ ಅವಧಿ ಎರಡು ವರ್ಷ. ಊರಿನಲ್ಲಿದ್ದುಕೊಂಡು ಕಾಯುವ ಪ್ರತಿ ತಿಂಗಳೂ ಇದರಲ್ಲಿ ಕಳೆಯುತ್ತಾ ಹೋಗುತ್ತದೆ.

ದೂರು ಮೊದಲು ಹೋಗುವುದು ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ. ಸೌದಿಯಲ್ಲಿ ಮೊದಲು ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ 2018ರಲ್ಲಿ ಆರಂಭವಾದ ಕಾರ್ಮಿಕ ಕೋರ್ಟಿಗೆ ಹೋಗುತ್ತದೆ. ಎಮಿರೇಟ್ಸ್‌ನಲ್ಲಿ 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು. ಊರಿಗೆ ಬಂದಾಗಿದ್ದರೆ ಅಲ್ಲಿರುವ ನಂಬಿಕಸ್ಥರೊಬ್ಬರಿಗೆ ವಕಾಲತ್ತು ಬರೆದು, ನೋಟರಿ ಮಾಡಿಸಿ, ಸರ್ಕಾರದ ದೃಢೀಕರಣ ಮಾಡಿಸಿ ಕಳಿಸಬೇಕು. ನಮ್ಮ ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ಮದದ್ ವ್ಯವಸ್ಥೆಯಲ್ಲಿ ಮನೆಯವರೂ ದೂರು ದಾಖಲಿಸಬಹುದು. ರಾಯಭಾರ ಕಚೇರಿ ಕಂಪೆನಿಯನ್ನು ವಿಚಾರಿಸುತ್ತದೆ, ಆದರೆ ಅದು ಕೋರ್ಟಿನ ಕೆಲಸ ಮಾಡದು. ಅದೊಂದನ್ನೇ ನೆಚ್ಚಿ 12 ತಿಂಗಳು ಕಳೆಯಬೇಡಿ.

ಇದಕ್ಕೆಲ್ಲ ಬೇಕಾಗುವ ಕಾಗದಗಳು ಮನೆಯಲ್ಲಿ ಇರಬೇಕು. ಅಲ್ಲಿನ ರೂಮಿನಲ್ಲಿ ಹಾಸಿಗೆಯ ಕೆಳಗಿರುವ ಪೆಟ್ಟಿಗೆಯನ್ನು ನಂಬಬೇಡಿ. ಕರಾರು, ಇಕಾಮ ಅಥವಾ ಎಮಿರೇಟ್ಸ್ ಐಡಿ, ಪಾಸ್‌ಪೋರ್ಟಿನ ವೀಸಾ ಪುಟ, ಪ್ರತಿ ತಿಂಗಳ ಸಂಬಳ ಬ್ಯಾಂಕಿಗೆ ಬಂದ ಮೆಸೇಜು, ರಜೆಯ ಒಪ್ಪಿಗೆ, ಸಂಬಳ ಏರಿಸಿದ ಪತ್ರ. ಒಂದೊಂದರ ಪ್ರತಿ ನಿಮ್ಮ ಕಪಾಟಿನಲ್ಲಿರಲಿ, ಫೋಟೋ ನಿಮ್ಮ ಮೊಬೈಲಿನಲ್ಲಿರಲಿ. ಇದನ್ನು ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಹೇಳಬೇಕು. ಕೆಲಸಗಾರ ಅಲ್ಲೇ ತೀರಿಕೊಂಡರೂ ಕರಾರು ಮುಗಿಯುತ್ತದೆ, ಸರ್ವಿಸ್ ಹಣ ಮುಗಿಯುವುದಿಲ್ಲ, ಅದು ವಾರಸುದಾರರದ್ದು. ಗಂಡನ ಕಂಪೆನಿಯ ಪೂರ್ತಿ ಹೆಸರೇ ಗೊತ್ತಿಲ್ಲದೆ ಇದ್ದತ್‌ನಲ್ಲಿ ಕುಳಿತ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ಪಕ್ಕದ ಮನೆಯ ವಿಷಯಕ್ಕೆ ಬರುತ್ತೇನೆ. ಅಂದು ರಾತ್ರಿಯೇ ಪತಿಗೆ ಫೋನ್ ಹೋಯಿತು. ಮರುದಿನ ಅವರು ಆಫೀಸಿಗೆ ಹೋಗಿ, "ನಾನು ರಾಜೀನಾಮೆ ಕೊಡುತ್ತಿಲ್ಲ, ನೀವು ತೆಗೆಯುವುದಾದರೆ ತೆಗೆದಿದ್ದೇವೆ ಎಂದು ಪತ್ರ ಕೊಡಿ" ಎಂದರು. ಜಗಳವಾಡಲಿಲ್ಲ, ಕಂಪೆನಿಯ ಇಮೇಲ್‌ಗೂ ಅದನ್ನೇ ಎರಡು ಸಾಲಿನಲ್ಲಿ ಬರೆದರು. ಎರಡು ದಿನ ಯಾರೂ ಮಾತಾಡಲಿಲ್ಲ. ಆ ಎರಡು ದಿನ ಇಲ್ಲಿ ಸಹೋದರಿ ಊಟ ಬಿಟ್ಟಿದ್ದರು, "ನಾನೇ ಕೆಡಿಸಿಬಿಟ್ಟೆನೇ ಆಪಾ" ಎಂದು ನನ್ನ ಮನೆ ಬಾಗಿಲಲ್ಲಿ ನಿಂತು ಅತ್ತರು. ಮೂರನೆಯ ದಿನ ಕಾಗದ ಬದಲಾಗಿ ಬಂತು. ಮೇಲೆ ಇನ್ಹಾ ಎಂದಿತ್ತು. ಸರ್ವಿಸ್ ಹಣ 13,200 ಪೂರ್ತಿ, ಬಾಕಿ ರಜೆಯ ಹಣ, ಟಿಕೆಟ್. ಐದು ತಿಂಗಳ ಪರಿಹಾರಕ್ಕೆ ಮಾತ್ರ ಕಂಪೆನಿ ಒಪ್ಪಲಿಲ್ಲ, ಎರಡು ತಿಂಗಳದ್ದು 4,800 ಕೊಡುತ್ತೇವೆ ಎಂದಿತು. ದೂರು ಕೊಟ್ಟಿದ್ದರೆ ಉಳಿದದ್ದೂ ಬರುತ್ತಿತ್ತೆಂದು ನನ್ನ ಅನಿಸಿಕೆ. ಆದರೆ ಅದಕ್ಕೆ ಇನ್ನೂ ಕೆಲವು ತಿಂಗಳು ಅಲ್ಲಿ ಕಾಯಬೇಕು, ರೂಮಿನ ಬಾಡಿಗೆ, ಊಟದ ಖರ್ಚು ಬೇರೆ. ಅವರು 18,000 ಬ್ಯಾಂಕಿಗೆ ಬಂದದ್ದು ನೋಡಿಕೊಂಡು ಸಹಿ ಹಾಕಿ ಬಂದರು. ಹಾಗೆ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ.

ಈ ಕಾನೂನುಗಳ ಹೊರಗೆ ಉಳಿಯುವವರಿದ್ದಾರೆ. ಮನೆ ಚಾಲಕರು, ಅಡುಗೆಯವರು, ಮನೆಕೆಲಸದ ಹೆಂಗಸರು. ಎರಡೂ ದೇಶಗಳಲ್ಲಿ ಅವರಿಗೆ ಬೇರೆಯೇ ನಿಯಮಗಳು, ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ. "ನನ್ನ ಮಗ ಹೌಸ್ ಡ್ರೈವರ್, ಅವನಿಗೆ ಸರ್ವಿಸ್ ಹಣ ಇದೆಯೇ?" ಎಂದು ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಅವರ ಪತ್ರದಿಂದಲೇ ಮುಂದಿನ ಸಂಚಿಕೆಯಲ್ಲಿ ಶುರು ಮಾಡೋಣ. ಅಷ್ಟರೊಳಗೆ ಆ ತಾಯಿ ಮಗನ ಕರಾರಿನ ಫೋಟೋ ತರಿಸಿಕೊಂಡಿರಲಿ, ಇಕಾಮದಲ್ಲಿ ಯಾವ ಕೆಲಸ ಎಂದು ಬರೆದಿದೆ ಎನ್ನುವುದನ್ನೂ ನೋಡಿಟ್ಟುಕೊಂಡಿರಲಿ.